ಒಂದು ಸೌಟು ಮೊಸರನ್ನ

ನಮ್ಮ ಅಡುಗೆಮನೆಯ ಸೌಟಿನ ಹಿಡಿ ತುಸು ಬಾಗಿದೆ, ಕಣ್ಣು ತಪ್ಪಿಸುವವರ ಕತ್ತಿನ ಹಾಗೆ. ಹಾಗೆ ಕಾಣುವುದು ನನಗೊಬ್ಬಳಿಗೇ ಇರಬೇಕು. ಒಂದು ತಿಂಗಳು ಅದು ನನ್ನ ಗುಟ್ಟು ಕಾಯ್ದಿತ್ತಲ್ಲ!

ಮುಧೋಳದ ಕಡೆಯ ನನ್ನ ಮಾವನದು ಓಟದ ನಾಯಿ ಸಾಕಿದ ಮನೆತನ. ಕಡಲಾಚೆ ಬಂದು ನೆಲೆಸಿದ ಪುಚೊಂಗಿನ ಈ ಸಾಲುಮನೆಯ ಹಿತ್ತಲಲ್ಲೂ ಅವರು ಗ್ರೇಹೌಂಡ್ ತಳಿ ಬೆಳೆಸಿದರು. ಈಗ ಉಳಿದವಳು ತಾರಾ ಒಬ್ಬಳೇ. ಗೆಳೆಯರೆಲ್ಲ ಸೇರಿ ತಾಳೆತೋಟದ ಮಣ್ಣುದಾರಿಯಲ್ಲಿ ನಡೆಸುವ ಓಟದಲ್ಲಿ ಅವಳು ಗೆದ್ದರೆ ಮರಿ ಹಾಕಿಸುವುದು, ಇಲ್ಲವಾದರೆ ತಳಿ ಇಲ್ಲಿಗೇ ಸಾಕು ಎಂದಿದ್ದರು.

ಅವಳಿಗೆ ಅಳೆದು ಊಟ ಹಾಕುತ್ತಿದ್ದವರೂ ಅವರೇ. ಆದರೆ ಪಕ್ಕದ ಮನೆಯ ತಮಿಳು ಹೆಂಗಸು ಬೇಲಿಯಾಚೆಯಿಂದ, “ಅಯ್ಯೋ ಅಕ್ಕಾ, ಪಾವಂ ಲಾ! ನಾಯಿಗೆ ಸಾಪ್ಪಾಡು ಇಲ್ಲೆಯಾ?” ಎಂದು, ಊಟವೇ ಹಾಕುವುದಿಲ್ಲವೇನೋ ಎಂಬಂತೆ ಮರುಗಿ ಕೇಳಿದ ದಿನ, ತಾರಾಳ ಪಕ್ಕೆಲುಬುಗಳು ನಮ್ಮ ಮನೆಯ ಮಾನವೇ ಬಿಸಿಲಿಗೆ ಬಿದ್ದಂತೆ ಕಂಡವು. ತಟ್ಟೆಯಲ್ಲಿ ಅಗುಳು ಉಳಿದರೆ ಕಣ್ಣಲ್ಲೇ ಗದರುತ್ತಿದ್ದ ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು. ಬಡಿಸದಿರುವ ವಿದ್ಯೆ ಎಲ್ಲಿಂದ ಬರಬೇಕು? ಮಾವ ಮಧ್ಯಾಹ್ನ ಮಲಗಿದಾಗ ಒಂದು ಸೌಟು ಮೊಸರನ್ನ, ಆಮೇಲಾಮೇಲೆ ಎರಡು. ಅವಳ ಮೈ ತುಂಬಿದ್ದನ್ನು ಮಾವ ಗಮನಿಸಿದರು, ಬೆದೆ ಕಳೆದ ಮೇಲೆ ಹಾಗೆಯೇ, ಓಡಿದರೆ ಇಳಿದೀತು ಎಂದುಕೊಂಡರು.

ಓಟದ ಬೆಳಿಗ್ಗೆ ಕಾರಿನಲ್ಲಿ, ಏನೋ ನೆನಪಾದವರಂತೆ ಹೇಳಿದರು: “ಮೈ ಬಂದ ನಾಯಿ ತಿರುವಿನ್ಯಾಗ ಕಾಲ ಮುರಕೊಂತೈತಿ. ನಮ್ಮಪ್ಪನ ನಾಯಿ ಹಂಗಽ ಹೋತು.”

ಆಮೇಲಿನ ದಾರಿ ನನಗೆ ನೆನಪಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ತೊಡೆಗೆ ಮೂತಿಯಿಟ್ಟ ತಾರಾಳ ಕಡ್ಡಿಯಂಥ ಕಾಲುಗಳನ್ನಷ್ಟೇ ನೋಡುತ್ತಿದ್ದೆ. ಕರುಣೆಯೆಂದು ಕರೆದದ್ದು ನನ್ನದೇ ನಾಚಿಕೆಯಾಗಿತ್ತೇ? ಅದರ ಭಾರವನ್ನು ಈ ಕಾಲುಗಳು ಹೊರಬೇಕೇ?

ಓಟದ ಗೆರೆಯ ಬಳಿ ನಾಯಿಗಳು ನಿಂತಾಗ ಮಾವನ ತೋಳು ಹಿಡಿದೆ. “ಮಾವಾ, ಓಡಿಸಬೇಡಿ. ನಾನು ದಿನಾ ಕದ್ದು ಮೊಸರನ್ನ ಹಾಕಿದೀನಿ.”

ಸುತ್ತಲಿದ್ದವರು ನಕ್ಕರು. “ಏನ್ ಅಂಕಲ್, ನಿಮ್ ಡಾಗ್ ಪ್ಯೂರ್ ವೆಜ್ಜಾ?”

ಮಾವ ನಗಲಿಲ್ಲ. ತಾರಾಳನ್ನು ಗೆರೆಯಿಂದ ಈಚೆ ತಂದು, ನನ್ನ ಬೆರಳುಗಳನ್ನು ಅವಳ ಪಕ್ಕೆಗೆ ಒತ್ತಿದರು. “ಎಲುಬು ಕೈಗೆ ಸಿಗಬೇಕವ್ವಾ. ಅದು ಉಪವಾಸ ಅಲ್ಲ, ಅದರ ಮೈನಽ ಹಂಗ. ಇನ್ನೊಂದಽ ಓಟ ನೋಡೂಣು, ಆಮ್ಯಾಲ ಅಕಿಗೆ ವಯಸ್ಸಾತು. ಅಲ್ಲೀತನಕ ಅಳದು ಹಾಕೂದು ನಿಂದು.”

ಬೈದಿದ್ದರೆ ಹಗುರಾಗುತ್ತಿದ್ದೆ.

ಈಗ ದಿನವೂ ಅದೇ ಸೌಟಿನಲ್ಲಿ ಅವರ ಅಳತೆಯ ಊಟವನ್ನು ಬೆರಳಿನಿಂದ ಸಮ ಮಾಡಿ ಹಾಕುತ್ತೇನೆ. ಬೇಲಿಯಾಚೆ ನಿಟ್ಟುಸಿರು ಕೇಳುತ್ತದೆ. ತಾರಾ ತಟ್ಟೆ ನೆಕ್ಕಿ ತಲೆಯೆತ್ತುತ್ತಾಳೆ. ಹಸಿವೋ ಅಭ್ಯಾಸವೋ, ಇಂದಿಗೂ ನನಗೆ ತಿಳಿಯದು. ಕೈ ಪಾತ್ರೆಯ ಕಡೆ ಹೋಗುತ್ತದೆ. ತಡೆದು, ಮೊದಲು ಅವಳ ಪಕ್ಕೆ ಮುಟ್ಟಿ ನೋಡಿ, ಸೌಟನ್ನು ತೊಳೆದಿಡುತ್ತೇನೆ.