ಅಕ್ಕನ ಗುಂಡಿ ವ್ಯಾಪಾರಕ್ಕೆ ನಾನು ಕೊಟ್ಟ ಸಲಹೆ

ನನ್ನ ಅಕ್ಕನನ್ನು ಬೀದಿಯವರೆಲ್ಲ ಗುಂಡಿ ಅಕ್ಕ ಎಂದೇ ಕರೆಯುತ್ತಾರೆ. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಅವಳು ಇಪ್ಪತ್ತೆರಡು ವರ್ಷ ಅಂಗಿಗಳಿಗೆ ಗುಂಡಿ ಹೊಲಿದಳು, ಇಸ್ತ್ರಿ ಹಾಕಿದಳು, ಮಡಿಸಿ ಪೆಟ್ಟಿಗೆಗೆ ತುಂಬಿದಳು. ಅಮ್ಮ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ, ಅವಳಿಗೆ ಹತ್ತೊಂಬತ್ತು. ಆ ಸಂಬಳದಲ್ಲೇ ನನ್ನನ್ನು ಸಾಕಿದಳು, ಓದಿಸಿದಳು. ಓದು ಮುಗಿಸಿ ನಾನು ಪೈಪು ಮಾರುವ ಕಂಪನಿಯಲ್ಲಿ ಲೆಕ್ಕದ ಗುಮಾಸ್ತನಾದೆ. ಅಂದಿನಿಂದ ಮನೆಯಲ್ಲಿ ಏನೇ ಕಾಗದ ಪತ್ರ ಬಂದರೂ ಅಕ್ಕನದು ಒಂದೇ ಮಾತು, "ನನ್ನ ತಮ್ಮನ್ನ ಕೇಳಿ, ಅವನು ಲೆಕ್ಕ ಬಲ್ಲೋನು."

ನಿಜ ಹೇಳಬೇಕೆಂದರೆ ನಾನು ಬರೆಯುವುದು ಗೋದಾಮಿಗೆ ಬಂದ ಪೈಪೆಷ್ಟು, ಹೋದ ಪೈಪೆಷ್ಟು ಎಂದು. ತೆರಿಗೆಯ ಗಂಧಗಾಳಿ ನನಗಿಲ್ಲ. ಅದನ್ನು ಅಕ್ಕನ ಮುಂದೆ ಒಪ್ಪಿಕೊಳ್ಳಲು ಮಾತ್ರ ನನಗೆ ಎಂದೂ ಮನಸ್ಸು ಬರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವಳು ಹಳೆಯ ಕೋಟು, ಸ್ವೆಟರ್‌ಗಳನ್ನು ಕಿಲೋ ಲೆಕ್ಕದಲ್ಲಿ ತಂದು ಗುಂಡಿಗಳನ್ನು ಬಿಚ್ಚಿ ಗಾಜಿನ ಡಬ್ಬಿಗಳಲ್ಲಿ ತುಂಬಿಡತೊಡಗಿದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಅವಳ ಎರಡು ಕೋಣೆಗಳಲ್ಲಿ ಗೋಡೆಯುದ್ದಕ್ಕೂ ಡಬ್ಬಿಗಳೇ. ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಇನ್ನೊಂದು ಕಡೆ, ಕಂದು ಬಣ್ಣವೊಂದಕ್ಕೇ ಒಂಬತ್ತು ಡಬ್ಬಿ. ಅವಳ ವ್ಯಾಪಾರ ಇಷ್ಟೇ: ಕೋಟಿನ ಒಂದು ಗುಂಡಿ ಕಳೆದುಕೊಂಡವರು ಉಳಿದ ಗುಂಡಿಯ ಫೋಟೋ ಕಳಿಸುತ್ತಾರೆ, ಅಕ್ಕ ಅದರ ಜೋಡಿ ಹುಡುಕಿ ಅಂಚೆಗೆ ಹಾಕುತ್ತಾಳೆ. ಮಾರಾಟವೆಲ್ಲ ಆನ್‌ಲೈನ್. ಒಮ್ಮೆ ಒಬ್ಬ ರೈಲು ಚಾಲಕ, ನಾಳಿದ್ದು ಸಮವಸ್ತ್ರದ ತಪಾಸಣೆ, ಗುಂಡಿ ಸಿಗದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಬರೆದಿದ್ದ. ಆ ದಿನ ಅಕ್ಕ ಊಟ ಬಿಟ್ಟು ಹುಡುಕಿದಳು. ಹೊಟ್ಟೆಪಾಡಿಗೆ ಶುರುಮಾಡಿದ್ದು ಅವಳಿಗೆ ಹುಚ್ಚಾಗಿಬಿಟ್ಟಿತ್ತು. ಕಾರ್ಖಾನೆಯಲ್ಲಿ ಅಷ್ಟು ವರ್ಷ ತಲೆ ತಗ್ಗಿಸಿ ಕೂತಿದ್ದವಳು ಈಗ ಕೆಲಸ ಮಾಡುತ್ತಾ ಗುನುಗುತ್ತಿದ್ದಳು.

ಮೊದಲ ವರ್ಷ ಮುಗಿಯುವಾಗ ಅವಳು ಕೇಳಿದಳು, "ಅಲ್ಲ ಕಣೋ, ಇದಕ್ಕೂ ತೆರಿಗೆ ಕಚೇರಿಗೆ ಏನಾದ್ರೂ ಬರೆದು ಕೊಡ್ಬೇಕಾ?"

ನಾನು ಮೊಬೈಲಿನಿಂದ ತಲೆ ಎತ್ತದೆ ಹೇಳಿದೆ, "ಗುಂಡಿಗೆಲ್ಲ ಯಾರಕ್ಕ ತೆರಿಗೆ ಕೇಳ್ತಾರೆ? ಅದು ಹವ್ಯಾಸ. ಸುಮ್ನೆ ತಲೆ ಕೆಡಿಸ್ಕೋಬೇಡ."

"ಹಾಗಾದ್ರೆ ಈ ರಸೀದಿ ಎಲ್ಲ?"

"ಕಸ."

ಕಸ ಎಂದರೂ ಕಾಗದವನ್ನು ಬಿಸಾಡುವ ಜಾಯಮಾನ ಅಕ್ಕನದಲ್ಲ. ಹಳೆ ಬಟ್ಟೆ ಅಂಗಡಿಯ ರಸೀದಿ, ಅಂಚೆ ಕಚೇರಿಯ ರಸೀದಿ ಎಲ್ಲವನ್ನೂ ಚೌಕಾಕಾರಕ್ಕೆ ಕತ್ತರಿಸಿ, ಒಂದೊಂದರಲ್ಲೂ ಒಂದೊಂದು ಗುಂಡಿ ಪೊಟ್ಟಣ ಕಟ್ಟಿ ಗಿರಾಕಿಗಳಿಗೆ ಕಳಿಸಿಬಿಟ್ಟಳು. ಮೂರು ವರ್ಷ ಹೀಗೆ ನಡೆಯಿತು.

ನಾಲ್ಕನೇ ವರ್ಷ ತೆರಿಗೆ ಕಚೇರಿಯಿಂದ ಪತ್ರ ಬಂತು. ಮಾರಾಟದ ಸೈಟಿನವರು ಅಕ್ಕನ ಮೂರು ವರ್ಷದ ಮಾರಾಟದ ಮೊತ್ತವನ್ನು ಕಚೇರಿಗೆ ಒಪ್ಪಿಸಿದ್ದರು. ನೀವೇಕೆ ತಿಳಿಸಿಲ್ಲ, ಬಂದು ವಿವರಿಸಿ ಎಂದಿತ್ತು. ನಾನು ಪತ್ರ ಓದುತ್ತಿರುವಾಗ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಪತ್ರವನ್ನು ಇನ್ನೊಮ್ಮೆ ಮೊದಲಿನಿಂದ ಓದಿದೆ. ಆದರೂ ಬಾಯಲ್ಲಿ ಬಂದದ್ದು, "ಇದೆಲ್ಲ ಮಾಮೂಲಿ."

ಆ ವಾರ ಆಫೀಸಿನಲ್ಲಿ ಕದ್ದುಮುಚ್ಚಿ ಓದಿಕೊಂಡೆ. ಮೊದಲೇ ಓದಬೇಕಿದ್ದ ಸಂಗತಿಗಳು. ಮಾರಿದ್ದೆಲ್ಲ ಆದಾಯವಲ್ಲ. ಅದರಲ್ಲಿ ಮಾಲಿನ ಖರೀದಿ, ಅಂಚೆ ಖರ್ಚು, ಸೈಟಿನವರ ಕಮಿಷನ್ ಕಳೆದು ಉಳಿದದ್ದೇ ಆದಾಯ. ಆದರೆ ಕಳೆಯುವುದಕ್ಕೆ ರಸೀದಿ ಬೇಕು. ಅಕ್ಕನ ರಸೀದಿಗಳೋ, ಊರೂರ ಜನರ ಮನೆ ಸೇರಿದ್ದವು.

ಅಕ್ಕ ಎದೆಗುಂದಲಿಲ್ಲ. ಗಿರಾಕಿಗಳಿಗೆಲ್ಲ ಬರೆದಳು, "ಗುಂಡಿ ಸುತ್ತಿದ್ದ ಕಾಗದ ಇಟ್ಟುಕೊಂಡಿದ್ದರೆ ದಯವಿಟ್ಟು ವಾಪಸ್ ಕಳಿಸಿ." ಯಾರು ಇಟ್ಟುಕೊಂಡಿರುತ್ತಾರೆ ಎಂದು ನಾನು ನಕ್ಕೆ. ಎರಡು ವಾರದಲ್ಲಿ ನೂರಾ ಎಂಬತ್ತು ಚೂರು ಬಂದವು! ಕೆಲವರು ಗುಂಡಿಯನ್ನು ಇನ್ನೂ ಹೊಲಿದೇ ಇರಲಿಲ್ಲ. ಆ ರೈಲು ಚಾಲಕ ಮಾತ್ರ ಕಾಗದವನ್ನು ನೆನಪಿಗೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದನಂತೆ. ಅಕ್ಕ ಚೂರುಗಳನ್ನು ಜೋಡಿಸಿ, ಹಿಂದಿನಿಂದ ಅಂಟಿಸಿದಳು. ಬಟ್ಟೆ ಖರೀದಿಯ ರಸೀದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೂರ್ತಿಯಾದವು.

"ನೀಟಾಗಿ ತಗೊಂಡು ಹೋಗೋಣ ಅಕ್ಕ, ಹೀಗೆ ಮುದ್ದೆ ಮುದ್ದೆ ಇದ್ರೆ ಆಫೀಸರು ಸಿಡುಕ್ತಾರೆ," ಎಂದೆ. ಇದು ನನ್ನ ಎರಡನೇ ಸಲಹೆ.

ಇಪ್ಪತ್ತೆರಡು ವರ್ಷ ಇಸ್ತ್ರಿ ಹಾಕಿದವಳಿಗೆ ನೀಟು ಅಂದರೆ ಒಂದೇ ಅರ್ಥ. ಹೊರಡುವ ಬೆಳಿಗ್ಗೆ ರಸೀದಿಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿ, ನಾಜೂಕು ಬಟ್ಟೆಗೆ ಮಾಡುವಂತೆ ಮೇಲೊಂದು ತೆಳ್ಳನೆಯ ಬಟ್ಟೆ ಹೊದಿಸಿ, ಇಸ್ತ್ರಿ ಪೆಟ್ಟಿಗೆ ಎಳೆದಳು. ಬಟ್ಟೆ ಎತ್ತಿದಾಗ ಕೆಳಗೆಲ್ಲ ಕಪ್ಪು. ಈಗಿನ ಅಂಗಡಿ ರಸೀದಿಗಳಲ್ಲಿ ಶಾಯಿಯೇ ಇರುವುದಿಲ್ಲ. ಅವು ಶಾಖಕ್ಕೆ ಕಪ್ಪಾಗುವ ಕಾಗದಗಳು. ಶಾಯಿಯ ಮೊಹರಿದ್ದ ಅಂಚೆ ಕಚೇರಿಯ ರಸೀದಿಗಳಷ್ಟೇ ಉಳಿದವು.

ಅಕ್ಕ ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಹೇಳಿದಳು, "ನನ್ನ ಕೈಯೇ ಸರಿಯಿಲ್ಲ ಕಣೋ."

ಅವಳ ಕೈಗೆ ಏನೂ ಆಗಿರಲಿಲ್ಲ. ಹಾಳಾದದ್ದು ನನ್ನ ನಾಲಿಗೆ.

ಕಚೇರಿಯಲ್ಲಿ ನಮ್ಮನ್ನು ಕೂರಿಸಿಕೊಂಡ ಅಧಿಕಾರಿ ಸುಮಾರು ನನ್ನ ವಯಸ್ಸಿನ ಹೆಂಗಸು. ಕಪ್ಪು ರಸೀದಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ನಗಲಿಲ್ಲ, ಅದಕ್ಕೆ ಅವರಿಗೆ ಋಣಿ.

"ಅಂಚೆ ಖರ್ಚು, ಕಮಿಷನ್ ನಾನು ಕಳೀಬಹುದಮ್ಮ. ಬಟ್ಟೆ ಖರೀದಿ ಕಷ್ಟ," ಎಂದರು. "ತೆರಿಗೆ ಹೇಗೂ ಕಟ್ಟಲೇಬೇಕು, ಅದು ತೀರಾ ಹೆಚ್ಚೇನಾಗಲ್ಲ. ದೊಡ್ಡದು ದಂಡ. ಬೇಕಂತಲೇ ಮುಚ್ಚಿಟ್ರು ಅಂತಾದ್ರೆ ತೆರಿಗೆಯ ಮೂರು ಪಟ್ಟು ಬೀಳುತ್ತೆ. ತಿಳಿಯದೆ ಆಯ್ತು ಅಂತ ತೋರಿಸಿದ್ರೆ ಅದನ್ನ ಬಿಡೋ ಅಧಿಕಾರ ನನಗಿದೆ. ಇದೇನೂ ಬೇಡ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ? ಹೇಳಿದ್ರೆ, ಅವರು ಹದಿನೈದು ದಿನದೊಳಗೆ ಒಂದು ಕಾಗದ ಬರೆದು ಸಹಿ ಹಾಕಿ ಕೊಡಲಿ. ಅಷ್ಟು ಸಾಕು."

ಆ ದಂಡ ಬಿದ್ದರೆ ಅಕ್ಕ ಡಬ್ಬಿಗಳನ್ನೆಲ್ಲ ಮಾರಿಕೊಳ್ಳಬೇಕಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಕುರ್ಚಿಯ ಅಂಚಿನಲ್ಲಿ ಕೂತಿದ್ದೆ. ಬಾಯಿ ತೆರೆದರೆ ಸಾಕಿತ್ತು.

"ಯಾರೂ ಹೇಳಿಲ್ಲ ಮೇಡಂ," ಅಕ್ಕ ಗಡಿಬಿಡಿಯಿಂದ ಹೇಳಿದಳು. "ನಾನೇ ದಡ್ಡಿ. ಇಂಥದ್ದೆಲ್ಲ ಹೇಳಿಕೊಡೋಕೆ ನನಗೆ ಯಾರಿದ್ದಾರೆ?"

ಅಧಿಕಾರಿ ಒಮ್ಮೆ ನನ್ನತ್ತ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಹದಿನೈದು ದಿನ ಕಡಿಮೆಯೇನಲ್ಲ. ಆರನೇ ದಿನ ನಾನು ಕಾಗದ ಬರೆದೆ. 'ಲೆಕ್ಕದ ಗುಮಾಸ್ತನಾದ ನಾನು' ಎಂಬಲ್ಲಿಗೆ ಬಂದು ಹರಿದು ಹಾಕಿದೆ. ಕೆಲಸ ಹೋಗುತ್ತದೆಂಬ ಭಯವೇ? ಅಲ್ಲ. ಪೈಪಿನ ಕಂಪನಿಗೆ ಇದೆಲ್ಲ ಯಾಕೆ ಬೇಕು? ನಾನು ಲೆಕ್ಕ ಬಲ್ಲವನಲ್ಲ ಎಂದು ನನ್ನ ಕೈಯಾರೆ ಬರೆದು ಕೊಡುವ ನಾಚಿಕೆ, ಅಷ್ಟೇ. ಹತ್ತನೇ ದಿನ ಮತ್ತೆ ಬರೆದು ಸಹಿ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ದಿನಾ ಬೆಳಿಗ್ಗೆ ಅಂದಿನ ಅಂಗಿಯ ಜೇಬಿಗೆ ಬದಲಾಯಿಸುತ್ತಿದ್ದೆ. ಆಫೀಸಿಗೆ ಹೋಗುವ ಬಸ್ಸು ತೆರಿಗೆ ಕಚೇರಿಯ ಮುಂದೆಯೇ ನಿಲ್ಲುತ್ತದೆ. ನಾನು ಇಳಿಯಲಿಲ್ಲ. ಹದಿನೈದನೇ ದಿನವೂ ಇಳಿಯಲಿಲ್ಲ.

ಮುಂದಿನ ವಾರ ದರ್ಜಿ ಸಾಮಾನಿನ ಸಗಟು ವ್ಯಾಪಾರಿ ವ್ಯಾನು ತಂದ. ಡಬ್ಬಿಗಳನ್ನು ಗೋಣಿಚೀಲಕ್ಕೆ ಸುರಿದು, ಎರಡು ತೂತು, ನಾಲ್ಕು ತೂತು, ಕಂದು, ಬಿಳಿ ಎಲ್ಲ ಒಟ್ಟು ಮಾಡಿ ತೂಗಿದ. ಅಕ್ಕ ಮೊದಲ ಚೀಲ ತುಂಬುವವರೆಗೆ ನೋಡಿದಳು, ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಬೆಳಿಗ್ಗೆಯೇ ತೊಳೆದಿಟ್ಟಿದ್ದ ಪಾತ್ರೆಗಳವು. ಚೀಲಗಳನ್ನು ನಾನೇ ಹೊತ್ತು ಕೆಳಗಿಳಿಸಿದೆ.

ವ್ಯಾನು ಹೋದ ಮೇಲೆ ಖಾಲಿ ಗೋಡೆಯ ಪಕ್ಕ ಇಬ್ಬರೂ ಕೂತೆವು. ಅಕ್ಕ ನನ್ನ ಭುಜದ ಮೇಲಿನ ಗೋಣಿನಾರು ಕೊಡವಿದಳು.

"ಒಂದು ಮಾತು ಹೇಳ್ಲಾ?" ಎಂದಳು. "ಆವತ್ತು ಆ ಮೇಡಂ ಹಾಗೆ ಕೇಳಿದ ತಕ್ಷಣ ನನಗೆ ಹೆದರಿಕೆಯಾಗಿಹೋಯ್ತು. ನೀನೆಲ್ಲಿ 'ನಾನೇ ಹೇಳಿದ್ದು' ಅಂದುಬಿಡ್ತೀಯೋ ಅಂತ. ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ? ಅದಕ್ಕೇ ನೀನು ಬಾಯಿ ಬಿಡೋ ಮುಂಚೆ ನಾನೇ ಮಾತಾಡಿಬಿಟ್ಟೆ. ಬೇಜಾರು ಮಾಡ್ಕೋಬೇಡ."

ಕಾಗದ ಜೇಬಿನಲ್ಲೇ ಇತ್ತು. ನಾನು ಎದ್ದು, ಪೊರಕೆ ತಂದು, ಕೋಣೆ ಗುಡಿಸಿದೆ.