ಚಿಕ್ಕಮ್ಮ ಎಣಿಸಿದ ಉಸಿರು

ನಮ್ಮ ಚಿಕ್ಕಮ್ಮ ಹೃದಯದ ವಾಲ್ವ್ ತಯಾರಿಸುವ ಪ್ರಯೋಗಾಲಯದಲ್ಲಿ ಕುರಿ ನೋಡಿಕೊಳ್ಳುತ್ತಿದ್ದಳು. ಹೊಸ ವಾಲ್ವನ್ನು ಮೊದಲು ಕುರಿಗೆ ಹಾಕುತ್ತಿದ್ದರು, ಆಮೇಲೆ ಮನುಷ್ಯರಿಗೆ. ಡಾಕ್ಟರು ಕುರಿಯನ್ನು ಮೇಜಿನ ಮೇಲೆ ಮಲಗಿಸಿ, ಸ್ಕ್ಯಾನ್ ಮಾಡಿ, "ಫಸ್ಟ್ ಕ್ಲಾಸ್" ಅನ್ನುತ್ತಿದ್ದರು. ಚಿಕ್ಕಮ್ಮ ಮಾತ್ರ ಅದನ್ನು ದೊಡ್ಡಿಯ ಹಿಂದಿನ ಏರು ಹತ್ತಿಸಿ, ಪಕ್ಕೆ ನೋಡಿ ಉಸಿರು ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

"ಏರು ಹತ್ತಿದ್ರೆ ಏದುಸಿರು ಬಿಡ್ತಿದೆ ಸರ್. ವಾಲ್ವ್ ಇಕ್ಕಟ್ಟಾಗಿದೆ," ಅಂದಳು ಒಂದು ಸಲ.

"ಕುರಿ ಬೇರೆ, ಮನುಷ್ಯ ಬೇರೆ ಅಕ್ಕಾ," ಅಂತ ಡಾಕ್ಟರು ನಕ್ಕರು.

"ಹಾಗಾದ್ರೆ ನನ್ನ ಕುರಿಗೆ ಯಾಕೆ ಹಾಕಿದ್ರಿ?" ಅಂತ ಚಿಕ್ಕಮ್ಮ ಬುಸುಗುಟ್ಟಿದಳು.

ಆ ವಾಲ್ವ್ ಹಾಕಿಸಿಕೊಂಡ ಮೊದಲ ರೋಗಿಗಳು ಮಲಗಿದ್ದಾಗ ಗಟ್ಟಿಮುಟ್ಟಾಗೇ ಇದ್ದರು. ಮೆಟ್ಟಿಲು ಹತ್ತಿದರೆ ಮಾತ್ರ ಅದೇ ಏದುಸಿರು. ಡಾಕ್ಟರು ತಾವೇ ದೊಡ್ಡಿಗೆ ಬಂದು, ತಲೆ ತಗ್ಗಿಸಿ ನೋಟ್‌ಬುಕ್ ಕೇಳಿದರು. ವಾಲ್ವಿನ ಬಾಯಿ ಅಗಲವಾಯಿತು. ಈ ಸಲ ಕುರಿಗಳು ಏರನ್ನು ಓಡುತ್ತಲೇ ಹತ್ತಿದವು.

ಮೊನ್ನೆ ಆ ಹೊಸ ವಾಲ್ವ್ ಹಾಕಿಸಿಕೊಂಡ ದರ್ಜಿಯೊಬ್ಬ ಮೂರು ಮಹಡಿ ಹತ್ತಿ ಚಿಕ್ಕಮ್ಮನ ಮನೆಗೆ ಬಂದ. ಬಾಗಿಲಲ್ಲೇ ನಿಂತು ಅವಳನ್ನು ಬಾಯಿ ತುಂಬ ಹೊಗಳಿದ. ಅವಳ ಕಿವಿಗೆ ಒಂದೂ ಬೀಳಲಿಲ್ಲ. ಕಣ್ಣು ಅವನ ಪಕ್ಕೆಯ ಮೇಲಿತ್ತು, ಬೆರಳು ಎಣಿಸುತ್ತಿತ್ತು.

"ಥೇಟ್ ನನ್ನ ಕುರಿ!" ಎಂದು ಚಪ್ಪಾಳೆ ತಟ್ಟಿದಳು. "ಈಗ ಕೂತ್ಕೊಳ್ಳಪ್ಪ."