ಕೋಡಿ ಬಿದ್ದರೆ ಜೋಗ, ಇಲ್ಲದಿದ್ದರೆ ಮೈಸೂರು

ಪ್ರವಾಸದ ಹಿಂದಿನ ದಿನ ನನಗೆ ಒಂದು ಬಗೆಯ ತುರಿಕೆ ಶುರುವಾಗುತ್ತದೆ. ಮೈಯಲ್ಲಲ್ಲ, ತೀರ್ಮಾನದಲ್ಲಿ. ಜಲಪಾತಕ್ಕೆ ಹೋಗೋಣವೆಂದು ಮನೆಯವರೆಲ್ಲ ಒಪ್ಪಿ, ಬ್ಯಾಗಿಗೆ ಸ್ವೆಟರು ತುರುಕಿ, ಕಾರಿನ ಗಾಳಿ ನೋಡಿಸಿ ಆದಮೇಲೆ ನನ್ನ ಮನಸ್ಸು ಪಟ್ಟಣದ ಕಡೆ ವಾಲುತ್ತದೆ. ಪಟ್ಟಣಕ್ಕೆ ಎಂದು ನಿಶ್ಚಯವಾಗಿದ್ದರೆ ಅಂದು ಸಂಜೆಯೇ ಬೆಟ್ಟ, ಬಂಡೆ, ಬೀಳುವ ನೀರು ಎಲ್ಲವೂ ಒಟ್ಟಿಗೆ ನನ್ನನ್ನು ಕರೆಯತೊಡಗುತ್ತವೆ. ನನ್ನ ಹೆಂಡತಿ ಮಂಜುಳ ಇದಕ್ಕೊಂದು ಮದ್ದು ಕಂಡುಕೊಂಡಿದ್ದಾಳೆ. ನಾನು ಏನು ಹೇಳಿದರೂ ‘ಹ್ಞೂಂ’ ಎನ್ನುತ್ತಾಳೆ, ಚಪಾತಿ ಲಟ್ಟಿಸುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಎಲ್ಲಿಗೆ ಹೋದರೂ ಚಪಾತಿ ಬೇಕಾಗುತ್ತದೆ ಎಂಬುದು ಅವಳ ನಿಲುವು.

ಇದರಲ್ಲಿ ನಮ್ಮೂರಿನ ಪಾಲೂ ಸ್ವಲ್ಪ ಇದೆ. ಅಜ್ಜಂಪುರದಿಂದ ಕಾರು ಹೊರಡಿಸಿದವನು ಊರು ದಾಟುವ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಒಂದು ರಸ್ತೆ ತರೀಕೆರೆಗೆ. ಅಲ್ಲಿಂದ ಶಿವಮೊಗ್ಗ, ಸಾಗರ, ಜೋಗ. ಇನ್ನೊಂದು ಬೀರೂರಿಗೆ, ಅಲ್ಲಿಂದ ಕಡೂರು, ಅರಸೀಕೆರೆ, ಆಮೇಲೆ ಮೈಸೂರಾದರೂ ಸರಿ, ಬೆಂಗಳೂರಾದರೂ ಸರಿ. ಘಟ್ಟದವರಿಗೆ ಜಲಪಾತ ಹಿತ್ತಲಿನ ಸಂಗತಿ. ದೊಡ್ಡ ಊರಿನವರಿಗೆ ಪೇಟೆ ಹೊಸ್ತಿಲಿನ ಸಂಗತಿ. ಈರುಳ್ಳಿ, ರಾಗಿ ಬೆಳೆಯುವ ನಮಗೆ ಎರಡೂ ಹೆಚ್ಚುಕಡಿಮೆ ಅಷ್ಟೇ ದೂರ, ಎರಡರ ಮೇಲೂ ಅಷ್ಟೇ ಆಸೆ.

ಹಳೆಯ ಕವಿಗಳಿಗೆ ಈ ಸಂಕಟ ಇರಲಿಲ್ಲ. ಎಂ.ಎ. ತರಗತಿಯಲ್ಲಿ ನಮಗೆ ಕಾವ್ಯದ ಹದಿನೆಂಟು ವರ್ಣನೆಗಳನ್ನು ಉರು ಹೊಡೆಸಿದ್ದರು. ಮಹಾಕಾವ್ಯ ಅನ್ನಿಸಿಕೊಳ್ಳಬೇಕಾದರೆ ನಗರವೂ ಬರಬೇಕು, ಪರ್ವತವೂ ಬರಬೇಕು, ಸಮುದ್ರ, ಸೂರ್ಯೋದಯ, ಚಂದ್ರೋದಯ ಯಾವುದನ್ನೂ ಬಿಡುವಂತಿಲ್ಲ. ಒಂದು ಆಶ್ವಾಸದಲ್ಲಿ, ಎಂದರೆ ಅಧ್ಯಾಯದಲ್ಲಿ, ಬೀದಿ ಸುತ್ತಿಸಿ ಮುಂದಿನದರಲ್ಲಿ ಬೆಟ್ಟ ಹತ್ತಿಸಿದರೆ ಆಯಿತು. ಪೆಟ್ರೋಲು ಹಾಕಿಸಬೇಕಾಗಿರಲಿಲ್ಲ, ಹಿಂದಿನ ಸೀಟಿನಲ್ಲಿ ಯಾರಿಗೂ ವಾಂತಿ ಬರುತ್ತಿರಲಿಲ್ಲ.

ನಮ್ಮ ಅಪ್ಪನಿಗೂ ಇರಲಿಲ್ಲ. ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅವರು ವರ್ಷಕ್ಕೊಮ್ಮೆ ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ನಮ್ಮನ್ನೆಲ್ಲ ತುಂಬಿಕೊಂಡು ಹೊರಡುತ್ತಿದ್ದರು. ಎಲ್ಲಿಗೆ ಎಂಬುದನ್ನು ಮದಗದ ಕೆರೆ ತೀರ್ಮಾನಿಸುತ್ತಿತ್ತು. ಆ ವರ್ಷ ಕೆರೆ ತುಂಬಿ ಕೋಡಿ ಬಿದ್ದರೆ ಜೋಗ. ಬೀಳದಿದ್ದರೆ ಮೈಸೂರು. ಕೋಡಿ ಬಿದ್ದ ಸುದ್ದಿ ಬಂದ ಕೂಡಲೇ ನಮ್ಮ ಕಡೆ ಜನ ಗಾಡಿ ಕಟ್ಟಿಕೊಂಡು ಹೋಗಿ ಆ ನೀರು ಹರಿಯುವುದನ್ನು ನೋಡಿ ಬರುತ್ತಾರೆ; ಅಪ್ಪ ನೋಡಿ ಬಂದು, ಪಂಚೆ ಬದಲಿಸುತ್ತಲೇ ಪ್ರವಾಸದ ದಿನ ಹೇಳುತ್ತಿದ್ದರು. ಯಾಕೆ ಹೀಗೆ ಎಂದು ಯಾರೋ ಕೇಳಿದಾಗ ಅವರು ಕೊಟ್ಟ ಕಾರಣ ನಮ್ಮ ಮನೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ. ಕೆರೆ ಒಣಗಿದ ವರ್ಷ ಜೋಗಕ್ಕೆ ಹೋದರೆ ಅಷ್ಟೊಂದು ನೀರು ಸುಮ್ಮನೆ ಕೆಳಗೆ ಬೀಳುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ, ತಂದ ಬುತ್ತಿ ಸೇರುವುದಿಲ್ಲ. ಮನೆಯ ಹತ್ತಿರ ನೀರು ನಿಂತಿದ್ದರೆ ಮಾತ್ರ ಇನ್ನೊಬ್ಬರ ನೀರನ್ನು ನೆಮ್ಮದಿಯಿಂದ ನೋಡಬಹುದು.

ಸೌಂದರ್ಯವನ್ನು ಕುರಿತು ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಪ್ರಾಮಾಣಿಕವಾದ ಮಾತು ಸಿಕ್ಕಿಲ್ಲ. ಆದರೆ ಈ ನಿಯಮದಲ್ಲಿ ಒಂದು ತೂತು ಇತ್ತು. ನಮ್ಮ ಕೆರೆ ತುಂಬಿದೆ, ಆದ್ದರಿಂದ ಜೋಗದಲ್ಲೂ ನೀರು ಇರಲೇಬೇಕು ಎಂದು ಅಪ್ಪ ನಂಬಿದ್ದರು. ಜೋಗದ ನೀರನ್ನು ಮೇಲೆ ಅಣೆಕಟ್ಟು ಕಟ್ಟಿ ಹಿಡಿದಿಟ್ಟಿದ್ದಾರೆ, ಅದು ಬೀಳುವುದೂ ಬಿಡುವುದೂ ಗೇಟಿನ ಕೈಯಲ್ಲಿದೆ, ಮದಗದ ಕೆರೆಯನ್ನು ಅದು ಕೇಳುವುದಿಲ್ಲ ಎಂಬುದು ಕಡೂರಿನ ಕೊಬ್ಬರಿ ಅಂಗಡಿಯವರೆಗೆ ತಲುಪಿರಲಿಲ್ಲ.

ಹಾಗಾಗಿ ನಾವು ಹೋದಾಗ ಜೋಗ ಹೇಗಿತ್ತು ಎಂಬ ಬಗ್ಗೆ ನನಗೂ ನನ್ನ ಅಕ್ಕ ಪಾರ್ವತಿಗೂ ಇಂದಿಗೂ ಜಗಳ. ನನ್ನ ನೆನಪಿನಲ್ಲಿ ನಾಲ್ಕು ಧಾರೆಗಳೂ ಗುಡುಗುತ್ತಿವೆ, ಕೆಳಗಿನಿಂದ ಹೊಗೆಯಂತೆ ಹನಿ ಏಳುತ್ತಿದೆ, ಅಮ್ಮನ ಸೆರಗು ಒದ್ದೆಯಾಗಿದೆ. ಅಕ್ಕನ ಪ್ರಕಾರ ಅಲ್ಲಿದ್ದದ್ದು ಒಣ ಬಂಡೆ, ಬಂಡೆಯ ಮೇಲೆ ತಲೆಗೂದಲಿನಂಥ ಎರಡು ಎಳೆ ನೀರು. ನಾನು ನೋಡಿದ್ದೇನೆ ಎನ್ನುವ ಜೋಗ ನಮ್ಮ ಅಂಗಡಿಯ ಗೋಡೆಯ ಕ್ಯಾಲೆಂಡರಿನದಂತೆ. ಅಮ್ಮನ ಸೆರಗು ಒದ್ದೆಯಾದದ್ದು ನಾನು ನೀರಿನ ಚೆಂಬು ಉರುಳಿಸಿದ್ದರಿಂದಂತೆ. ಕಾಲೇಜಿಗೆ ಸೇರಿದ ಮೇಲೆ ನಾನು ದಿನಚರಿ ಬರೆಯಲು ಶುರು ಮಾಡಿದ್ದು ಇಂಥ ಜಗಳಗಳಲ್ಲಿ ಗೆಲ್ಲಬೇಕು ಎಂಬ ಆಸೆಯಿಂದಲೇ ಇರಬೇಕು. ಆದರೆ ಬರೆದದ್ದನ್ನು ಓದಿದಾಗಲೂ, ಇದನ್ನು ನೋಡಿ ಬರೆದೆನೋ, ಹೀಗಿದ್ದರೆ ಚೆನ್ನಾಗಿರುತ್ತದೆ ಎಂದು ಬರೆದೆನೋ ಎಂಬ ಅನುಮಾನ ಕಾಡುತ್ತದೆ. ಅಕ್ಕ ಏನನ್ನೂ ಬರೆದಿಡುವುದಿಲ್ಲ. ಅವಳಿಗೆ ಅನುಮಾನವೂ ಇಲ್ಲ.

ಅಕ್ಕ ಯಗಟಿಯ ಕಡೆ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಈಗ ನಮ್ಮ ಜೊತೆಗೇ ಇದ್ದಾಳೆ, ಅಥವಾ ಅವಳ ಮಾತಿನಲ್ಲಿ ಹೇಳುವುದಾದರೆ ನಾವು ಅವಳ ಜೊತೆಗಿದ್ದೇವೆ. ಹೋದ ವರ್ಷದಿಂದ ಅವಳ ಬಗ್ಗೆ ಊರಿನಲ್ಲಿ ಒಂದು ದೂರು ಹುಟ್ಟಿತ್ತು. ಟೀಚರಮ್ಮನಿಗೆ ಪೆನ್ಷನ್ ಬಂದಮೇಲೆ ಧಿಮಾಕು, ಪಕ್ಕದಲ್ಲೇ ನಿಂತು ಕೈ ಮುಗಿದರೂ ತಿರುಗಿ ನೋಡುವುದಿಲ್ಲ ಎಂದು. ಮಂಜುಳ ಇದನ್ನು ನಗುತ್ತ ಅವಳಿಗೆ ಹೇಳಿದಳು. ಅಕ್ಕ ನಗಲಿಲ್ಲ. ಯಾವ ಪಕ್ಕ ಎಂದು ಕೇಳಿದಳು.

ಎಡಗಡೆ. ಶಿವಮೊಗ್ಗದ ಕಣ್ಣಿನ ಡಾಕ್ಟರು ಅದಕ್ಕೆ ಗ್ಲಾಕೋಮಾ ಎಂದರು. ನೋಟ ಅಂಚಿನಿಂದ ಹೋಗುತ್ತ ಹೋಗುತ್ತ ಒಳಕ್ಕೆ ಬರುತ್ತದಂತೆ. ಎಡಗಣ್ಣಿನದು ಹೆಚ್ಚು ಹೋಗಿದೆ, ಬಲಗಣ್ಣಿನದು ಶುರುವಾಗಿದೆ. ಹೋದದ್ದು ಬರುವುದಿಲ್ಲ, ಇರುವುದನ್ನು ದಿನವೂ ಹನಿ ಹಾಕಿ ಕಾಯಬೇಕು. ಎಷ್ಟು ದಿನ ಕಾಯಬಹುದು ಎಂದು ನಾನು ಕೇಳಿದ್ದಕ್ಕೆ, ಅದನ್ನು ಕಣ್ಣೇ ಹೇಳಬೇಕು ಎಂದರು.

ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಒಂದೇ ವಿಷಯ ಯೋಚಿಸುತ್ತಿದ್ದೆ. ಕಾಣುವಾಗಲೇ ಅಕ್ಕನಿಗೆ ಏನನ್ನಾದರೂ ತೋರಿಸಬೇಕು. ಏನನ್ನು? ಇಷ್ಟು ದಿನ ಚಪಲಕ್ಕೆ ತೂಗುತ್ತಿದ್ದ ಪ್ರಶ್ನೆಗೆ ಒಮ್ಮೆಲೇ ಭಾರ ಬಂದುಬಿಟ್ಟಿತು. ತಪ್ಪು ಊರಿಗೆ ಕರೆದುಕೊಂಡು ಹೋದರೆ ಮುಂದಿನ ಸಲ ಸರಿಮಾಡೋಣ ಎನ್ನುವ ಸಮಾಧಾನ ಇನ್ನು ಇರಲಿಲ್ಲ. ನಾನು ಎಂದಿನಂತೆ ಬೆಳಿಗ್ಗೆ ಜೋಗ, ಮಧ್ಯಾಹ್ನ ಮೈಸೂರು, ಸಂಜೆ ಮತ್ತೆ ಜೋಗ ಎಂದು ಒದ್ದಾಡಿದೆ. ಮಂಜುಳ ಎಂದಿನಂತೆ ಹ್ಞೂಂ ಅನ್ನಲಿಲ್ಲ ಎಂಬುದನ್ನು ಗಮನಿಸಿದೆ. ಅವಳೂ ಯೋಚಿಸುತ್ತಿದ್ದಳು.

ಅಷ್ಟರಲ್ಲಿ ಮದಗದ ಕೆರೆ ಕೋಡಿ ಬಿತ್ತು. ಅಪ್ಪನೇ ಬಂದು ತೀರ್ಮಾನ ಹೇಳಿದಂತಾಯಿತು. ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೇ ಎಂದು ಮಗಳು ಸ್ಫೂರ್ತಿ ಫೋನಿನಲ್ಲಿ ನೋಡಿ, ಬಿಟ್ಟಿದ್ದಾರೆ ಎಂದಳು. ಅದರ ಮೇಲೆ ನಾನೊಂದು ಸಿದ್ಧಾಂತವನ್ನೂ ಕಟ್ಟಿದೆ. ಅಕ್ಕನ ನೋಟ ಕೊಳವೆಯಂತೆ ಕಿರಿದಾಗುತ್ತಿದೆಯಲ್ಲ, ಅದರೊಳಗೆ ಇಡಿಯಾಗಿ ಹಿಡಿಸುವುದು ದೂರದಲ್ಲಿ ಅಲುಗದೆ ನಿಂತ ವಸ್ತು. ಕಣಿವೆಯ ಈ ದಡದಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಆ ದಡದ ಜೋಗ ಪೂರ್ತಿ ಸಿಗುತ್ತದೆ. ಪಟ್ಟಣ ಹಾಗಲ್ಲ. ಪಟ್ಟಣ ಪಕ್ಕಗಳಿಂದ ಬರುತ್ತದೆ, ಬಂದು ಹಾಯುತ್ತದೆ. ಸಿದ್ಧಾಂತ ನನಗೇ ಎಷ್ಟು ಹಿಡಿಸಿತೆಂದರೆ ಅದೊಂದು ಸಲ ತುರಿಕೆ ಶುರುವಾಗಲಿಲ್ಲ.

ಅಕ್ಟೋಬರ್ ರಜೆಯಲ್ಲಿ ಹೊರಟೆವು. ಸ್ಫೂರ್ತಿ ಕಾರು ಓಡಿಸುತ್ತಿದ್ದಳು. ತಿಂಡಿಗೆ ತರೀಕೆರೆಯಲ್ಲಿ ನಿಲ್ಲಿಸಿ, ಇಡ್ಲಿ ಬರುವವರೆಗೆ ನಾನು ಅಲ್ಲಿದ್ದ ದಿನಪತ್ರಿಕೆಯನ್ನು ಸುರುಳಿ ಸುತ್ತಿ, ನನ್ನ ಕೊಳವೆಯ ಸಿದ್ಧಾಂತವನ್ನು ಅಕ್ಕನಿಗೇ ವಿವರಿಸಿದೆ. ಅವಳು ಸುರುಳಿಯನ್ನು ಇಸಿದುಕೊಂಡು ಒಂದು ಕಣ್ಣಿಗೆ ಹಿಡಿದು ನನ್ನತ್ತ ನೋಡಿದಳು.

“ನಿನ್ನ ಮೂಗು ಪೂರ್ತಿ ಸಿಕ್ತು ಕಣೋ” ಎಂದಳು. ಸ್ಫೂರ್ತಿ ನೀರು ಕುಡಿಯುತ್ತಿದ್ದವಳು ಕೆಮ್ಮಿದಳು.

ಆಮೇಲೆ ಅಕ್ಕ ಸುರುಳಿ ಬಿಚ್ಚಿ, ಪತ್ರಿಕೆಯನ್ನು ಮೇಜಿನ ಮೇಲೆ ಸವರಿ ಸರಿಮಾಡಿಟ್ಟಳು. “ಲೇ ಕುಮಾರ, ಡಾಕ್ಟ್ರು ಹೇಳ್ದಾಗ ನೀನೂ ಅಲ್ಲೇ ಇದ್ದೆ. ಎದುರಿಗಿರೋದು ಕೊನೆಗೆ ಹೋಗೋದು, ಪಕ್ಕದ್ದು ಮೊದಲು ಹೋಗೋದು ಅಂದ್ರು. ಹಂಗಂದ್ಮೇಲೆ ಜೋಗಕ್ಕೇನು ಅವಸರ? ನಾಕೈದು ವರ್ಷ ಬಿಟ್ಟು ಬಂದ್ರೂ ಅದು ಎದುರಿಗೇ ನಿಂತಿರ್ತದೆ. ನಂಗೆ ಈಗ ಪೇಟೆ ನೋಡ್ಬೇಕು. ನಾಕೂ ಕಡೆಯಿಂದ ಜನ ಬರೋದನ್ನ.”

ನಾನು ಕೋಡಿ ಬಿದ್ದಿರುವುದನ್ನು ನೆನಪಿಸಿದೆ.

“ಅದು ಅಪ್ಪ ತನ್ನ ಹೊಟ್ಟೆಯುರಿಗೆ ಮಾಡ್ಕಂಡಿದ್ದ ರೂಲು. ನಂಗೆ ಹೊಟ್ಟೆಯುರಿ ಇಲ್ಲ.”

“ಅತ್ತಿಗೆ, ಇದನ್ನ ನಿನ್ನೆನೇ ಹೇಳ್ಬಾರ್ದಿತ್ತಾ?” ಎಂದಳು ಮಂಜುಳ.

“ನಿನ್ನೆ ಯಾರು ಕೇಳಿದ್ರು?”

ಇಡ್ಲಿ ಬಂತು. ಅದು ಬಂದದ್ದು ಒಳ್ಳೆಯದಾಯಿತು, ಯಾರೂ ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ವಾರಗಟ್ಟಲೆ ಅವಳ ಕಣ್ಣಿನ ಪರವಾಗಿ ನಾವು ಸಭೆ ನಡೆಸಿದ್ದೆವು, ಕೆರೆಯನ್ನು ಕೇಳಿದ್ದೆವು, ಫೋನನ್ನು ಕೇಳಿದ್ದೆವು. ಕಣ್ಣಿನ ಒಡತಿ ಅದೇ ಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು.

ಸ್ಫೂರ್ತಿ ಕೈ ತೊಳೆದು ಬಂದವಳು ಕಾರನ್ನು ಬೀರೂರಿನ ಕಡೆ ತಿರುಗಿಸಿದಳು. ನನಗೆ ತುರಿಕೆ ಮರುಕಳಿಸಿತು. ಬೀರೂರು ದಾಟುವಾಗ, ಈಗಲೂ ತಿರುಗಿಸಿದರೆ ಸಂಜೆಯೊಳಗೆ ಜೋಗ ಸೇರಬಹುದು ಅನ್ನಿಸಿತು. ಕಡೂರು ದಾಟುವಾಗ, ಮೈಸೂರಿನ ಜನಜಂಗುಳಿಯಲ್ಲಿ ಅಕ್ಕ ಎಡವಿ ಬಿದ್ದರೆ ಎಂದು ಭಯವಾಯಿತು. ಅರಸೀಕೆರೆಯಲ್ಲಿ ಏನು ಅನ್ನಿಸಿತೋ ಮರೆತಿದ್ದೇನೆ, ಏನೋ ಅನ್ನಿಸಿರಲೇಬೇಕು. ಅಕ್ಕ ಮುಂದಿನ ಸೀಟಿನಲ್ಲಿ ಕೂತು, ಕತ್ತನ್ನು ಒಮ್ಮೆ ಆ ಕಡೆಗೆ ಪೂರ್ತಿ, ಒಮ್ಮೆ ಈ ಕಡೆಗೆ ಪೂರ್ತಿ ತಿರುಗಿಸುತ್ತಿದ್ದಳು. ಅವಳಿಗೆ ಈ ಅಭ್ಯಾಸ ಯಾವಾಗಿನಿಂದ ಬಂತು? ಒಂದೇ ಮನೆಯಲ್ಲಿದ್ದು ನಾನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಮೈಸೂರಿನ ಹಳೆಯ ಮಾರುಕಟ್ಟೆಗೆ ಹೋದೆವು. ಮಂಜುಳ ಮತ್ತು ಸ್ಫೂರ್ತಿ ಹೂವಿನ ಸಾಲಿನಲ್ಲಿ ನಿಂತರು. ನಾನು ಅಕ್ಕನ ಎಡಕ್ಕೆ ನಿಂತು, ಅವಳ ಕೈಯನ್ನು ನನ್ನ ತೋಳಿಗೆ ಸಿಕ್ಕಿಸಿಕೊಂಡು ಕಾವಲು ಶುರುಮಾಡಿದೆ. ಕಾಣದಿರುವ ಪಕ್ಕಕ್ಕೆ ನಾನೇ ಕಣ್ಣಾಗುತ್ತೇನೆ ಎಂಬುದು ರಾತ್ರಿ ಲಾಡ್ಜಿನಲ್ಲಿ ಹುಟ್ಟಿದ ಹೊಸ ಸಿದ್ಧಾಂತ. ಎಡಕ್ಕೆ ಸೈಕಲ್ಲು ಅಕ್ಕಾ. ಎಡಕ್ಕೆ ನಿಂಬೆಹಣ್ಣಿನ ಬುಟ್ಟಿ. ಎಡಕ್ಕೆ ಒಬ್ಬಳು ಹೆಂಗಸು, ಕೈಯಲ್ಲಿ ಮಗು. ಕ್ರಿಕೆಟ್ಟಿನ ವೀಕ್ಷಕ ವಿವರಣೆಯಂತೆ ಹೇಳುತ್ತಲೇ ಹೋದೆ. ಹೇಳುವ ಭರದಲ್ಲಿ ನನ್ನ ಎದುರಿಗೆ ಏನಿದೆ ಎಂಬುದನ್ನೇ ನೋಡದೆ, ಬಾಳೆಲೆಯ ಕಟ್ಟು ಹೊತ್ತು ಬರುತ್ತಿದ್ದವನ ಎದೆಗೇ ಹೋಗಿ ಡಿಕ್ಕಿ ಹೊಡೆದೆ.

“ಕಣ್ಣು ಕಾಣಲ್ವೇನ್ರೀ ನಿಮಗೆ?” ಎಂದು ಅವನು ಗದರಿದ.

ಅಕ್ಕ ನಕ್ಕಳು. ಹಾಗಲಕಾಯಿಯ ರಾಶಿಯ ಮುಂದೆ ನಿಂತು, ಸೆರಗಿನಿಂದ ಕಣ್ಣು ಒರೆಸಿಕೊಂಡು, ನಿಲ್ಲಿಸಿ ಮತ್ತೆ ನಕ್ಕಳು. ಡಾಕ್ಟರನ್ನು ನೋಡಿ ಬಂದಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗು ಇಳಿದ ಮೇಲೆ ನನ್ನ ತೋಳಿನಿಂದ ತನ್ನ ಕೈ ಬಿಡಿಸಿಕೊಂಡಳು.

“ನೀನು ಹೇಳ್ಬೇಡ ಕಣೋ. ನಾನೇ ತಿರುಗಿ ನೋಡ್ತೀನಿ.”

ನಾನು ಬಾಯಿ ಮುಚ್ಚಿದೆ. ಕಷ್ಟವಾಯಿತು. ಒಂದು ತಳ್ಳುಗಾಡಿ ಅವಳ ಎಡಕ್ಕೆ ಬಂದಾಗ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವಳು ತಿರುಗಿದಳು, ಗಾಡಿಯನ್ನು ನೋಡಿದಳು, ಅದರ ಮೇಲಿದ್ದ ಸೀಬೆಹಣ್ಣನ್ನೂ ತಳ್ಳುವವನ ಮುಖವನ್ನೂ ನೋಡಿದಳು, ದಾರಿ ಬಿಟ್ಟಳು. ಆಮೇಲೆ ಬಲಕ್ಕೆ ತಿರುಗಿದಳು. ಆಮೇಲೆ, ಯಾವ ಕಾರಣವೂ ಇಲ್ಲದೆ, ಪೂರ್ತಿ ಹಿಂದಕ್ಕೆ ತಿರುಗಿ ತಲೆ ಎತ್ತಿ ನಿಂತುಬಿಟ್ಟಳು. ಏನಿದೆಯೋ ಎಂದು ನಾನೂ ತಿರುಗಿದೆ.

ಎದುರು ಸಾಲಿನ ಕಟ್ಟಡದ ಮಹಡಿಯಲ್ಲಿ ಬನಿಯನ್ ತೊಟ್ಟ ಒಬ್ಬಾತ, ಅರ್ಧ ಗಡ್ಡಕ್ಕೆ ಸೋಪಿನ ನೊರೆ ಹಚ್ಚಿಕೊಂಡು, ಕೆಳಗೆ ಹರಿಯುವ ಜನರನ್ನು ನೋಡುತ್ತ ನಿಂತಿದ್ದ. ಬಹುಶಃ ದಿನವೂ ನಿಲ್ಲುವವನು. ಅಷ್ಟು ಜನರಲ್ಲಿ ನಿಂತು ತನ್ನನ್ನೇ ನೋಡುತ್ತಿರುವ ಹೆಂಗಸು ಅವನಿಗೆ ಕಂಡಿರಬೇಕು. ಅಕ್ಕ ಕೈ ಬೀಸಿದಳು. ಅವನು ಒಂದು ಕ್ಷಣ ಹಿಂದೆ ಮುಂದೆ ನೋಡಿ, ನೊರೆ ಮೆತ್ತಿದ ಬ್ರಷ್ಷಿನ ಸಮೇತ ಕೈ ಎತ್ತಿ ತಾನೂ ಬೀಸಿದ.

ಜೋಗದಲ್ಲಿ ನಾನು ಏನು ನೋಡಿದ್ದೆ, ಏನು ನೋಡಿರಲಿಲ್ಲ ಎಂಬ ಬಗ್ಗೆ ಇನ್ನು ವಾದ ಮಾಡಲಾರೆ. ಆದರೆ ಯಾವ ಜಲಪಾತವೂ ನಮಗೆ ತಿರುಗಿ ಕೈ ಬೀಸಿದ್ದಿಲ್ಲ. ಇಷ್ಟನ್ನು ಮಾತ್ರ ನನ್ನ ಮಾತಿನ ಮೇಲೆ ನಂಬಬಹುದು, ಅಕ್ಕನೂ ಒಪ್ಪಿದ್ದಾಳೆ.